ಮಗುಚಿಟ್ಟ ಬೆಳ್ಳಿಯ ಬಟ್ಟಲುಗಳು



ಮನುಷ್ಯನು ಯಾರನ್ನು ಮನಸಾರೆ ಮೆಚ್ಚುತ್ತಾನೋ ಕ್ರಮೇಣ ಅವರ ನಡೆನುಡಿಗಳನ್ನೇ ತನ್ನದಾಗಿಸಿಕೊಳ್ಳುತ್ತಾನೆ. ಇದು ನಮ್ಮ ಹಿರಿಯರಿಗೆ ಅನುಭವದಿಂದ ತಿಳಿದಿತ್ತು. ಆದ್ದರಿಂದಲೇ ಮಗುವಿಗೆ ಹೆಸರಿಡುವಾಗ ಅವರು ಯೋಚಿಸಿ ಇಡುತ್ತಿದ್ದರು. ದೃಢೀಕರಣ ಸಂಸ್ಕಾರದ ಸಮಯದಲ್ಲಿ ನಮ್ಮ ಮಕ್ಕಳು ಇಂದಿಗೂ ಒಬ್ಬ ಸಂತರ ಹೆಸರನ್ನು ಆರಿಸಿಕೊಳ್ಳುತ್ತಾರೆ. ಕೆಲವರು ಅಜ್ಜನ ಹೆಸರೆಂದು ಆರಿಸುತ್ತಾರೆ, ಕೆಲವರು ಕಿವಿಗೆ ಇಂಪಾಗಿದೆಯೆಂದು ಆರಿಸುತ್ತಾರೆ. ಆದರೆ ಹೆಸರನ್ನು ಆರಿಸಿಕೊಂಡವರಲ್ಲಿ ಆ ವ್ಯಕ್ತಿಯ ಬದುಕನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ಎಷ್ಟು ಮಂದಿ? ಒಬ್ಬರನ್ನು ಆದರ್ಶವೆಂದು ಸ್ವೀಕರಿಸುವಾಗ ನಾವು ಸ್ವೀಕರಿಸುವುದು ಅವರ ಕೀರ್ತಿಯನ್ನೋ, ಅವರ ಪೂರ್ಣ ಚರಿತ್ರೆಯನ್ನೋ?

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ನಮಗೆ ಬಹುದೂರದ ಒಂದು ಸೇನಾ ವಿದ್ಯಾಲಯದಲ್ಲಿ ನಡೆದ ಆಯ್ಕೆಯೊಂದನ್ನು ತಮ್ಮೊಡನೆ ಪರಿಶೀಲಿಸಲು ಇಚ್ಛಿಸುತ್ತೇನೆ.

ಆದರ್ಶವನ್ನು ಆರಿಸಿಕೊಂಡ ತಂಡ

ಅಮೆರಿಕದ ಕೊಲರಾಡೋ ರಾಜ್ಯದಲ್ಲಿ, ರಾಕಿ ಪರ್ವತಗಳ ಮಡಿಲಿನಲ್ಲಿ ಕೊಲರಾಡೋ ಸ್ಪ್ರಿಂಗ್ಸ್ ಎಂಬ ನಗರವಿದೆ. ಅದರ ಬಳಿಯಲ್ಲೇ ಆ ದೇಶದ ವಾಯುಪಡೆ ಅಕಾಡೆಮಿ ಇದೆ. 1954ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಮೊದಲ ತಂಡವು 1959ರಲ್ಲಿ ಪದವಿ ಪಡೆದು ಹೊರಬಂದಿತು. ನಾಲ್ಕು ವರ್ಷಗಳ ಶಿಕ್ಷಣ, ಕಠಿಣ ಶಿಸ್ತು, ಸುಳ್ಳು ಹೇಳಬಾರದು, ಕದಿಯಬಾರದು, ಮೋಸ ಮಾಡಬಾರದು ಎಂಬ ಪ್ರತಿಜ್ಞೆ – ಇವು ಅಲ್ಲಿನ ಬದುಕಿನ ಚೌಕಟ್ಟು. ಮೊದಲ ವರ್ಷದ ಕೆಡೆಟ್‌ಗಳನ್ನು ಅಲ್ಲಿ 'ಡೂಲಿ' ಎಂದು ಕರೆಯುವ ವಾಡಿಕೆಯಿದೆ. ಈ ಪದವು ಗ್ರೀಕ್ ಭಾಷೆಯ 'ದೂಲೋಸ್' ಎಂಬುದರಿಂದ ಬಂದಿದೆಯೆಂಬುದು ಅಲ್ಲಿ ಪರಂಪರೆಯಾಗಿ ನಡೆದುಬಂದ ಮಾತು. ದೂಲೋಸ್ ಎಂದರೆ ದಾಸ. ಗುರುಮಠದಲ್ಲಿ ಹೊಸ ಒಡಂಬಡಿಕೆಯನ್ನು ಮೂಲ ಭಾಷೆಯಲ್ಲಿ ಓದಿದವರಿಗೆ ಈ ಪದ ಚಿರಪರಿಚಿತ. ಸಂತ ಪೌಲನು ತನ್ನನ್ನು ಕ್ರಿಸ್ತನ ದಾಸನೆಂದು ಕರೆದುಕೊಂಡಾಗ ಬಳಸಿದ್ದು ಇದೇ ಪದವನ್ನು. ಆಳಬೇಕಾದವನು ಮೊದಲು ಆಳಾಗಿ ದುಡಿಯಬೇಕು ಎಂಬ ತಿಳಿವಳಿಕೆ ಆ ಹೆಸರಿನಲ್ಲಿಯೇ ಅಡಗಿದೆ.

2000ನೇ ಇಸವಿಯಲ್ಲಿ ಪದವಿ ಪಡೆಯಬೇಕಾಗಿದ್ದ ತಂಡದಿಂದ ಈ ಅಕಾಡೆಮಿಯಲ್ಲಿ ಒಂದು ಹೊಸ ಸಂಪ್ರದಾಯ ಆರಂಭವಾಯಿತು. ಪ್ರತಿ ತಂಡವೂ ವಾಯುಯಾನದ ಚರಿತ್ರೆಯಿಂದ ಒಬ್ಬ ವ್ಯಕ್ತಿಯನ್ನು ತನ್ನ ಆದರ್ಶವಾಗಿ ಆರಿಸಿಕೊಳ್ಳುತ್ತದೆ. ಅವರ ಬದುಕನ್ನು ಅಭ್ಯಸಿಸುತ್ತದೆ. ಅವರ ಹೆಸರನ್ನು ತನ್ನ ಹೆಸರಿನೊಡನೆ ಸೇರಿಸಿಕೊಳ್ಳುತ್ತದೆ. ಹಾಗೆ ಆರಿಸಲ್ಪಟ್ಟ ಮೊತ್ತಮೊದಲನೆಯವರು ಜನರಲ್ ಜೇಮ್ಸ್ ಡೂಲಿಟ್ಲ್. ಅವರು ತೀರಿಕೊಂಡದ್ದು 1993ರ ಸೆಪ್ಟೆಂಬರ್ 27ರಂದು, ತೊಂಬತ್ತಾರನೆಯ ವಯಸ್ಸಿನಲ್ಲಿ. ಅವರು ಜನಿಸಿದ 1896ಕ್ಕೆ ನೂರು ವರ್ಷ ತುಂಬಿದ 1996ರಲ್ಲಿಯೇ ಆ ತಂಡದ ಹುಡುಗ ಹುಡುಗಿಯರು ಅಕಾಡೆಮಿಯ ಬಾಗಿಲನ್ನು ಪ್ರವೇಶಿಸಿದ್ದರು.

ಹದಿನೆಂಟು ಹತ್ತೊಂಬತ್ತರ ಹರೆಯದವರು ಒಬ್ಬ ಮುದುಕರನ್ನು, ಅದೂ ತೀರಿಹೋದವರನ್ನು, ತಮ್ಮ ಮಾದರಿಯೆಂದು ಏಕೆ ಆರಿಸಿಕೊಂಡರು?

ಧೈರ್ಯಕ್ಕೂ ಲೆಕ್ಕಾಚಾರವಿದೆ

ಡೂಲಿಟ್ಲ್ ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿ ಹುಟ್ಟಿ, ಬಾಲ್ಯದ ಕೆಲವು ವರ್ಷಗಳನ್ನು ಅಲಾಸ್ಕದ ನೋಮ್ ಎಂಬ ಹಿಮದ ಊರಿನಲ್ಲಿ ಕಳೆದರು. ಕುಳ್ಳ ದೇಹದವರು; ಮುಷ್ಟಿಯುದ್ಧದಲ್ಲಿ ನಿಪುಣರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೇನೆ ಸೇರಿ ವಿಮಾನ ಹಾರಿಸಲು ಕಲಿತರಾದರೂ ರಣರಂಗಕ್ಕೆ ಹೋಗುವ ಅವಕಾಶ ದೊರೆಯದೆ ಇತರರಿಗೆ ಕಲಿಸುವ ಕೆಲಸದಲ್ಲಿ ಉಳಿದರು. 1922ರಲ್ಲಿ ಫ್ಲೋರಿಡಾದಿಂದ ಕ್ಯಾಲಿಫೋರ್ನಿಯಾದವರೆಗೆ, ಅಮೆರಿಕದ ಒಂದು ತೀರದಿಂದ ಇನ್ನೊಂದು ತೀರಕ್ಕೆ, ಒಂದು ದಿನಕ್ಕಿಂತ ಕಡಿಮೆ ಅವಧಿಯಲ್ಲಿ ಹಾರಿ ಹೆಸರಾದರು. ಜನರು ಅವರನ್ನು ಸಾಹಸಿಯೆಂದೂ ಹುಚ್ಚು ಧೈರ್ಯದವರೆಂದೂ ಕರೆದರು.

ಆದರೆ ಆ ಸಾಹಸಿ 1925ರಲ್ಲಿ ಎಂ.ಐ.ಟಿ. ಎಂದು ಪ್ರಸಿದ್ಧವಾದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಿಂದ ವಾಯುಯಾನ ವಿಜ್ಞಾನದಲ್ಲಿ ಡಾಕ್ಟರೇಟ್ ಪದವಿ ಪಡೆದಿದ್ದರು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಯುದ್ಧದ ಕಥೆಗಳಿಗಿಂತಲೂ ಅವರ ಬದುಕಿನಲ್ಲಿ ದೊಡ್ಡದೆಂದು ನನಗೆ ತೋರುವ ಘಟನೆ ನಡೆದದ್ದು 1929ರ ಸೆಪ್ಟೆಂಬರ್ 24ರಂದು, ನ್ಯೂಯಾರ್ಕ್ ಬಳಿಯ ಮಿಚೆಲ್ ವಿಮಾನ ನಿಲ್ದಾಣದಲ್ಲಿ. ಆ ಕಾಲದಲ್ಲಿ ಮಂಜು ಕವಿದರೆ ವಿಮಾನ ಹಾರಿಸುವುದು ಸಾವಿನೊಡನೆ ಜೂಜಾಡಿದಂತೆ. ದಿಗಂತ ಕಾಣದಿದ್ದಾಗ ಮನುಷ್ಯನ ಇಂದ್ರಿಯಗಳು ಅವನನ್ನೇ ವಂಚಿಸುತ್ತವೆ. ವಿಮಾನ ಒಂದು ಕಡೆಗೆ ವಾಲಿ ಕೆಳಗಿಳಿಯುತ್ತಿದ್ದರೂ ನೇರವಾಗಿ ಹಾರುತ್ತಿರುವಂತೆಯೇ ಚಾಲಕನಿಗೆ ಅನಿಸುತ್ತದೆ. ಡೂಲಿಟ್ಲ್ ಅವರು ಎಂಜಿನಿಯರುಗಳೊಡನೆ ಕೂಡಿ, ಕೃತಕ ದಿಗಂತವನ್ನು ತೋರಿಸುವ ಉಪಕರಣ, ದಿಕ್ಕನ್ನು ತೋರಿಸುವ ಗೈರೋ, ಸೂಕ್ಷ್ಮವಾದ ಎತ್ತರಮಾಪಕ ಮತ್ತು ರೇಡಿಯೋ ಸಂಕೇತಗಳನ್ನು ಒಟ್ಟುಗೂಡಿಸಿದರು. ಅಂದು ಮುಸುಕು ಹೊದಿಸಿದ ಆಸನದಲ್ಲಿ ಕುಳಿತು, ಹೊರಗಿನ ಏನನ್ನೂ ನೋಡದೆ, ಉಪಕರಣಗಳನ್ನು ಮಾತ್ರ ನಂಬಿ ಮೇಲೇರಿದರು, ಹಾರಿದರು, ಮತ್ತೆ ನೆಲಕ್ಕಿಳಿದರು. ಇಂದು ನಮ್ಮ ಮಕ್ಕಳು ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ಮೋಡ ಕವಿದ ಮಳೆಗಾಲದಲ್ಲಿ ವಿಮಾನವೇರಿ ಸುರಕ್ಷಿತವಾಗಿ ಇಳಿಯುವುದರ ಹಿಂದೆ ಆ ದಿನದ ಪ್ರಯೋಗದ ಋಣವಿದೆ.

ಡೂಲಿಟ್ಲ್ ಅವರ ಧೈರ್ಯ ಲೆಕ್ಕ ಹಾಕಿದ ಧೈರ್ಯ. ಅಪಾಯವನ್ನು ಅಳೆಯದೆ ನುಗ್ಗುವುದು ಅವರ ಸ್ವಭಾವವಲ್ಲ. 1932ರಲ್ಲಿ ವಿಮಾನ ಓಟದ ಸ್ಪರ್ಧೆಯಲ್ಲಿ ಜಯಗಳಿಸಿದ ಮೇಲೆ, ಆ ಆಟಕ್ಕೆ ತೆರಬೇಕಾದ ಬೆಲೆ ಅತಿಯಾಯಿತೆಂದು ಕಂಡು ಅದನ್ನು ತ್ಯಜಿಸಿದವರು ಅವರು. ಇಷ್ಟನ್ನು ನೆನಪಿಟ್ಟುಕೊಂಡು ಅವರ ಹೆಸರು ಲೋಕದಲ್ಲೆಲ್ಲ ಹರಡಿದ ಆ ದಿನಕ್ಕೆ ಬರೋಣ.

ಹದಿನಾರು ವಿಮಾನಗಳು

1941ರ ಡಿಸೆಂಬರ್ 7ರಂದು ಜಪಾನಿನ ವಿಮಾನಗಳು ಹವಾಯಿಯ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಎರಗಿದವು. ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ಇಳಿಯಿತು. ತಿಂಗಳುಗಳುದ್ದಕ್ಕೂ ಸೋಲಿನ ಸುದ್ದಿಯನ್ನೇ ಕೇಳುತ್ತಿದ್ದ ಜನರಿಗೆ ಒಂದಿಷ್ಟು ಧೈರ್ಯ ತುಂಬಲು ಜಪಾನಿನ ರಾಜಧಾನಿಯ ಮೇಲೆಯೇ ದಾಳಿ ನಡೆಸಬೇಕೆಂದು ನಾಯಕರು ಬಯಸಿದರು. ಆದರೆ ಟೋಕಿಯೋವನ್ನು ತಲುಪಬಲ್ಲ ನೆಲೆಗಳು ಅವರಿಗೆ ಇರಲಿಲ್ಲ. ನೆಲದ ಮೇಲಿನ ಉದ್ದನೆಯ ಓಟಪಟ್ಟಿಗಾಗಿ ನಿರ್ಮಿಸಿದ ಬಿ-25 ಬಾಂಬರುಗಳನ್ನು ಹಡಗಿನ ಮೇಲಿಂದ ಹಾರಿಸಬಹುದೇ ಎಂಬ ಯೋಚನೆ ನೌಕಾಪಡೆಯ ಅಧಿಕಾರಿಯೊಬ್ಬರಿಗೆ ಹೊಳೆಯಿತು. ಅದನ್ನು ಕಾರ್ಯರೂಪಕ್ಕೆ ತರುವ ಹೊಣೆ ಆಗ ಲೆಫ್ಟಿನೆಂಟ್ ಕರ್ನಲ್ ಆಗಿದ್ದ, ನಲವತ್ತೈದು ವರ್ಷದ ಡೂಲಿಟ್ಲ್ ಅವರಿಗೆ ಬಿತ್ತು.

ಎಲ್ಲರೂ ಸ್ವಯಂಸೇವಕರು. ಫ್ಲೋರಿಡಾದ ಎಗ್ಲಿನ್ ನೆಲೆಯಲ್ಲಿ ಗಿಡ್ಡ ಓಟದಿಂದ ಮೇಲೇರುವ ಅಭ್ಯಾಸ ನಡೆಯಿತು. ವಿಮಾನಗಳಿಂದ ಭಾರವನ್ನು ತೆಗೆದು ಇಂಧನದ ಟ್ಯಾಂಕುಗಳನ್ನು ತುಂಬಿಸಲಾಯಿತು. ಬಾಲದಲ್ಲಿ ಬಂದೂಕುಗಳಿಲ್ಲದ ಕೊರತೆಯನ್ನು ಮರೆಮಾಡಲು ಪೊರಕೆಯ ಕೋಲುಗಳಿಗೆ ಕಪ್ಪು ಬಣ್ಣ ಬಳಿದು ಕಟ್ಟಲಾಯಿತು! ಹದಿನಾರು ವಿಮಾನಗಳು, ಒಂದೊಂದರಲ್ಲಿ ಐವರು, ಒಟ್ಟು 80 ಮಂದಿ. 1942ರ ಏಪ್ರಿಲ್ 2ರಂದು 'ಹಾರ್ನೆಟ್' ಎಂಬ ವಿಮಾನವಾಹಕ ನೌಕೆ ಅವರನ್ನು ಹೊತ್ತು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟಿತು.

ಏಪ್ರಿಲ್ 18ರ ಬೆಳಿಗ್ಗೆ ಜಪಾನಿನ ಕಾವಲು ದೋಣಿಯೊಂದು ಅವರನ್ನು ಕಂಡಿತು. ಗುಟ್ಟು ರಟ್ಟಾಗಿತ್ತು. ಜಪಾನಿನ ಕರಾವಳಿ ಇನ್ನೂ ಸುಮಾರು 1,200 ಕಿಲೋಮೀಟರ್ ದೂರದಲ್ಲಿತ್ತು. ನಿಗದಿಪಡಿಸಿದ್ದಕ್ಕಿಂತ ಸುಮಾರು ಹತ್ತು ಗಂಟೆ ಮೊದಲೇ ಹೊರಡಬೇಕಾಯಿತು. ಅಷ್ಟು ದೂರದಿಂದ ಹೊರಟರೆ ಚೀನಾದ ನೆಲೆಗಳನ್ನು ತಲುಪುವಷ್ಟು ಇಂಧನ ಉಳಿಯುವುದೇ ಸಂಶಯವೆಂದು ಎಲ್ಲರಿಗೂ ಗೊತ್ತಿತ್ತು. ಅಲೆಗಳು ಹಡಗನ್ನು ಮೇಲೆ ಕೆಳಗೆ ಎತ್ತಿಹಾಕುತ್ತಿದ್ದವು. ಮುಂಭಾಗ ಮೇಲೇಳುವ ಕ್ಷಣಕ್ಕೆ ಸರಿಯಾಗಿ ವಿಮಾನ ಅಂಚನ್ನು ತಲುಪುವಂತೆ ಅಧಿಕಾರಿಯೊಬ್ಬರು ಬಾವುಟ ಬೀಸಿ ಸೂಚನೆ ಕೊಡುತ್ತಿದ್ದರು. ಮೊದಲನೆಯ ವಿಮಾನದ ಮುಂದೆ ಇದ್ದ ಜಾಗ ಎಲ್ಲಕ್ಕಿಂತ ಕಡಿಮೆ, ಸುಮಾರು 142 ಮೀಟರ್ ಮಾತ್ರ. ಆ ಮೊದಲನೆಯ ವಿಮಾನವನ್ನು ಡೂಲಿಟ್ಲ್ ತಾವೇ ನಡೆಸಿದರು. ಅದು ಮೇಲೇರಿದ್ದನ್ನು ಕಂಡ ಮೇಲೆ ಉಳಿದ ಹದಿನೈದೂ ಮೇಲೇರಿದವು. 'ಹೋಗಿ' ಎನ್ನುವ ನಾಯಕನಿಗೂ 'ಬನ್ನಿ' ಎನ್ನುವ ನಾಯಕನಿಗೂ ಇರುವ ಅಂತರ ಆ 142 ಮೀಟರುಗಳಲ್ಲಿ ಕಾಣುತ್ತದೆ.

ಟೋಕಿಯೋ, ಯೋಕೋಹಾಮಾ, ನಗೋಯಾ, ಕೋಬೆ ಮುಂತಾದೆಡೆ ಬಾಂಬುಗಳು ಬಿದ್ದವು. ಚಕ್ರವರ್ತಿಯ ಅರಮನೆಯನ್ನು ಮುಟ್ಟಬಾರದೆಂದು ಡೂಲಿಟ್ಲ್ ಆಜ್ಞಾಪಿಸಿದ್ದರು. ಬಳಿಕ ಒಂದು ವಿಮಾನ ರಷ್ಯದತ್ತ ತಿರುಗಿತು. ಉಳಿದ ಹದಿನೈದು ಚೀನಾದ ಕರಾವಳಿಯನ್ನು ತಲುಪುವಷ್ಟರಲ್ಲಿ ರಾತ್ರಿಯಾಗಿತ್ತು, ಮಳೆ ಸುರಿಯುತ್ತಿತ್ತು. ದಾರಿ ತೋರಬೇಕಾಗಿದ್ದ ರೇಡಿಯೋ ಸಂಕೇತ ಬರಲೇ ಇಲ್ಲ. ಹನ್ನೊಂದು ತಂಡಗಳು ಕತ್ತಲಿನಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದವು. ನಾಲ್ಕು ವಿಮಾನಗಳು ನೀರಿಗೋ ನೆಲಕ್ಕೋ ಬಡಿದು ಇಳಿದವು. ಡೂಲಿಟ್ಲ್ ಬಿದ್ದದ್ದು ಗೊಬ್ಬರ ಹಾಕಿದ್ದ ಒಂದು ಗದ್ದೆಯಲ್ಲಿ.

ಮರುದಿನ ತಮ್ಮ ವಿಮಾನದ ಅವಶೇಷಗಳ ನಡುವೆ ಅವರು ಕುಳಿತಿದ್ದರು. ಹದಿನಾರು ವಿಮಾನಗಳಲ್ಲಿ ಒಂದನ್ನೂ ಉಳಿಸಿಕೊಳ್ಳಲಾಗಲಿಲ್ಲ. ತಮ್ಮ ಹುಡುಗರು ಎಲ್ಲಿದ್ದಾರೋ ತಿಳಿಯದು. ಊರಿಗೆ ಮರಳಿದರೆ ಸೇನಾ ನ್ಯಾಯಾಲಯದ ವಿಚಾರಣೆಯೇ ತಮಗೆ ಕಾದಿದೆಯೆಂದು ಅವರು ನಂಬಿದ್ದರು. ಅವರ ವಿಮಾನದ ಮೆಕ್ಯಾನಿಕ್ ಸಾರ್ಜೆಂಟ್ ಪಾಲ್ ಲಿಯೊನಾರ್ಡ್ ಪಕ್ಕದಲ್ಲಿ ಕುಳಿತು, ತಮಗೆ ದೇಶದ ಅತ್ಯುನ್ನತ ಪದಕ ದೊರೆಯುವುದೆಂದು ಸಮಾಧಾನ ಹೇಳಿದರು. ಲಿಯೊನಾರ್ಡ್ ಅವರ ಮಾತೇ ನಿಜವಾಯಿತು. ಮೇ ತಿಂಗಳಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರು ಡೂಲಿಟ್ಲ್ ಅವರ ಕೊರಳಿಗೆ ಮೆಡಲ್ ಆಫ್ ಆನರ್ ತೊಡಿಸಿದರು. ಸಮಾಧಾನ ಹೇಳಿದ ಲಿಯೊನಾರ್ಡ್ ಮರುವರ್ಷವೇ ಉತ್ತರ ಆಫ್ರಿಕದಲ್ಲಿ ಶತ್ರುವಿನ ಬಾಂಬಿಗೆ ಬಲಿಯಾದರು.

ಎಂಬತ್ತು ಬಟ್ಟಲುಗಳು

ದಾಳಿಗೆ ಹೊರಡುವ ಮುನ್ನ ಡೂಲಿಟ್ಲ್ ತಮ್ಮ ಹುಡುಗರಿಗೆ, ಇದು ಮುಗಿದ ಮೇಲೆ ಒಂದು ಔತಣ ಕೊಡುವೆನೆಂದು ಮಾತು ಕೊಟ್ಟಿದ್ದರು. ಯುದ್ಧ ಮುಗಿದ 1945ರ ಡಿಸೆಂಬರ್‌ನಲ್ಲಿ ಆ ಮಾತನ್ನು ನಡೆಸಿಕೊಟ್ಟರು. ಆ ಕೂಟ ಕ್ರಮೇಣ ವಾರ್ಷಿಕ ಸಮಾಗಮವಾಯಿತು. 1959ರಲ್ಲಿ ಅರಿಜೋನಾದ ಟೂಸಾನ್ ನಗರದವರು ಅವರಿಗೆ ಎಂಬತ್ತು ಬೆಳ್ಳಿಯ ಪಾನಪಾತ್ರೆಗಳನ್ನು ಕಾಣಿಕೆಯಾಗಿ ನೀಡಿದರು. ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು ಎರಡು ಬಾರಿ ಕೆತ್ತಲ್ಪಟ್ಟಿದೆ: ಒಮ್ಮೆ ನೆಟ್ಟಗೆ, ಇನ್ನೊಮ್ಮೆ ತಲೆಕೆಳಗಾಗಿ. ಒಬ್ಬರು ಮರಣಹೊಂದಿದಾಗ ಅವರ ಬಟ್ಟಲನ್ನು ಮಗುಚಿಡುತ್ತಿದ್ದರು. ಆಗಲೂ ಹೆಸರು ಓದಲು ಬರುತ್ತಿತ್ತು.

ಆ ಬಟ್ಟಲುಗಳನ್ನು ದಶಕಗಳ ಕಾಲ ಇರಿಸಿದ್ದು ವಾಯುಪಡೆ ಅಕಾಡೆಮಿಯಲ್ಲಿಯೇ. 2000ದ ತಂಡದ ಕೆಡೆಟ್‌ಗಳು ಅಲ್ಲಿ ಓದುತ್ತಿದ್ದಾಗಲೂ ಅವು ಅಲ್ಲಿದ್ದವು. ಬಹುಪಾಲು ಆಗಲೇ ಮಗುಚಿದ್ದವು. ಡೂಲಿಟ್ಲ್ ಅವರದೂ ಮಗುಚಿತ್ತು. ಅನಂತರ ಅವುಗಳನ್ನು ಓಹಾಯೋ ರಾಜ್ಯದ ಡೇಟನ್‌ನಲ್ಲಿರುವ ವಾಯುಪಡೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಒಯ್ಯಲಾಯಿತು. 2013ರ ನವೆಂಬರ್ 9ರಂದು, ಬದುಕಿ ಉಳಿದಿದ್ದ ನಾಲ್ವರಲ್ಲಿ ಮೂವರು ಅಲ್ಲಿ ಕೂಡಿ, ಡೂಲಿಟ್ಲ್ ಹುಟ್ಟಿದ 1896ನೇ ಇಸವಿಯದೇ ಆದ ಒಂದು ಸೀಸೆಯನ್ನು ತೆರೆದು, ಅಗಲಿದವರ ಹೆಸರಿನಲ್ಲಿ ಕೊನೆಯ ಬಾರಿ ಪಾನ ಮಾಡಿದರು. ಆ ಎಂಬತ್ತು ಮಂದಿಯಲ್ಲಿ ಕೊನೆಯವರಾದ ರಿಚರ್ಡ್ ಕೋಲ್ 2019ರ ಏಪ್ರಿಲ್ 9ರಂದು, 103ನೆಯ ವಯಸ್ಸಿನಲ್ಲಿ ನಿಧನರಾದರು. ಮೊದಲ ವಿಮಾನದಲ್ಲಿ ಡೂಲಿಟ್ಲ್ ಅವರ ಪಕ್ಕದಲ್ಲಿ ಕುಳಿತಿದ್ದ ಸಹಚಾಲಕರು ಇವರೇ. ದಾಳಿಯ ಬಳಿಕ ಇವರು ನಮ್ಮ ಅಸ್ಸಾಮಿನಿಂದ ಹಿಮಾಲಯದ ಮೇಲಿಂದ ಚೀನಾಕ್ಕೆ ಸರಕು ಸಾಗಿಸುವ ವಿಮಾನಗಳನ್ನೂ ಹಾರಿಸಿದ್ದರು.

ವಾಚಕರೇ, ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಅದು ಸುಂದರವಾಗಿಯೇ ಇರುತ್ತದೆ. ಶೌರ್ಯವಿದೆ, ಸ್ನೇಹವಿದೆ, ಕೊಟ್ಟ ಮಾತನ್ನು ಉಳಿಸಿಕೊಂಡ ನಿಷ್ಠೆಯಿದೆ. ಬಹಳಷ್ಟು ಪುಸ್ತಕಗಳೂ ಚಲನಚಿತ್ರಗಳೂ ಇಲ್ಲಿಯೇ ನಿಲ್ಲುತ್ತವೆ. ಆದರೆ ಆದರ್ಶವನ್ನು ಆರಿಸಿಕೊಳ್ಳುವವರು ಇಲ್ಲಿ ನಿಲ್ಲಬಾರದು.

ಬಟ್ಟಲುಗಳಿಲ್ಲದವರು

ಮೊದಲಿಗೆ ಬಾಂಬು ಬಿದ್ದ ಕಡೆಯವರನ್ನು ನೆನೆಯೋಣ. ಅಂದು ಜಪಾನಿನಲ್ಲಿ ಸುಮಾರು 50 ಮಂದಿ ಸತ್ತರು. ಸುಮಾರು 400 ಮಂದಿ ಗಾಯಗೊಂಡರು. ಗುರಿ ಕಾರ್ಖಾನೆ, ಹಡಗುಕಟ್ಟೆಗಳಾಗಿದ್ದರೂ ಸತ್ತವರಲ್ಲಿ ಸಾಮಾನ್ಯ ನಾಗರಿಕರಿದ್ದರು. ಶಾಲೆಗೆ ಹೋಗುವ ಬಾಲಕನೂ ಇದ್ದನು.

ಚೀನಾದಲ್ಲಿ ನಡೆದದ್ದು ಇನ್ನೂ ಭೀಕರ. ಕತ್ತಲಿನಲ್ಲಿ ಆಕಾಶದಿಂದ ಬಿದ್ದ ಆ ಪರದೇಶದವರನ್ನು ಝೆಜಿಯಾಂಗ್ ಮತ್ತು ಜಿಯಾಂಗ್‌ಷಿ ಪ್ರಾಂತಗಳ ಬಡ ರೈತರು, ಮೀನುಗಾರರು, ವೈದ್ಯರು ತಮ್ಮ ಮನೆಗಳಿಗೆ ಕರೆದೊಯ್ದರು. ಗಾಯಗೊಂಡವರನ್ನು ಪಲ್ಲಕ್ಕಿಯಲ್ಲಿ ಹೊತ್ತು ಬೆಟ್ಟಗಳನ್ನು ದಾಟಿಸಿದರು. ಆ ಪ್ರದೇಶದಲ್ಲಿ ಸೇವೆ ಸಲ್ಲಿಸುತ್ತಿದ್ದ ಸಂತ ವಿನ್ಸೆಂಟ್ ಪೌಲರ ಸಭೆಯ ಅಮೆರಿಕದ ಗುರುಗಳೂ ನೆರವಿಗೆ ಬಂದರು. ಎಂಬತ್ತರಲ್ಲಿ ಬಹುಪಾಲು ಮಂದಿ ಬದುಕಿ ಮರಳಿದ್ದು ಈ ಜನರ ದಯೆಯಿಂದ.

ಆ ದಯೆಗೆ ಅವರು ತೆತ್ತ ಬೆಲೆಯನ್ನು ಹೇಳಲು ಲೇಖನಿ ಹಿಂಜರಿಯುತ್ತದೆ. 1942ರ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಜಪಾನಿನ ಸೇನೆ ಆ ಎರಡು ಪ್ರಾಂತಗಳ ಮೇಲೆ ನುಗ್ಗಿತು. ಇನ್ನೊಮ್ಮೆ ವಿಮಾನಗಳು ಇಳಿಯಬಾರದೆಂದು ಅಲ್ಲಿನ ವಿಮಾನ ನಿಲ್ದಾಣಗಳನ್ನು ಅಗೆದು ಹಾಳುಮಾಡಿತು. ಊರುಗಳನ್ನು ಸುಟ್ಟಿತು, ಹೆಂಗಸರ ಮೇಲೆ ಅತ್ಯಾಚಾರ ನಡೆಸಿತು, ಹಿಂದಿರುಗುವಾಗ ಬಾವಿಗಳಲ್ಲಿಯೂ ಹೊಲಗಳಲ್ಲಿಯೂ ಕಾಲರಾ, ಟೈಫಾಯಿಡ್, ಪ್ಲೇಗ್ ರೋಗಾಣುಗಳನ್ನು ಹರಡಿತು. ಸತ್ತವರ ಸಂಖ್ಯೆ ಸುಮಾರು ಎರಡೂವರೆ ಲಕ್ಷವೆಂದು ಅಂದಾಜು. ವಿಮಾನಿಗಳು ಕೃತಜ್ಞತೆಯಿಂದ ಕೊಟ್ಟುಹೋಗಿದ್ದ ಚಿಕ್ಕಪುಟ್ಟ ವಸ್ತುಗಳು – ಕೈಗವಸು, ನಾಣ್ಯ, ಸಿಗರೇಟಿನ ಪೊಟ್ಟಣ, ಪ್ಯಾರಾಚೂಟಿನ ಬಟ್ಟೆ – ಯಾರ ಮನೆಯಲ್ಲಿ ಸಿಕ್ಕವೋ ಆ ಮನೆಯವರ ಪಾಲಿಗೆ ಅವೇ ಮೃತ್ಯುಸಾಕ್ಷಿಗಳಾದವು. ಗಾಯಗೊಂಡ ವಿಮಾನಿಯೊಬ್ಬರಿಗೆ ಆಶ್ರಯ ಕೊಟ್ಟಿದ್ದ ಗೃಹಸ್ಥರೊಬ್ಬರನ್ನು ಸೀಮೆಎಣ್ಣೆಯಲ್ಲಿ ತೋಯಿಸಿದ ಕಂಬಳಿಯಲ್ಲಿ ಸುತ್ತಿ, ಬೆಂಕಿ ಹಚ್ಚುವಂತೆ ಅವರ ಹೆಂಡತಿಯನ್ನೇ ಬಲವಂತಪಡಿಸಿದರು. ಈ ಕ್ರೌರ್ಯಗಳನ್ನು ಕಂಡು ಬರೆದಿಟ್ಟವರಲ್ಲಿ ಅಲ್ಲಿನ ಕಥೋಲಿಕ ಮಿಷನರಿ ಗುರುಗಳು ಮುಖ್ಯರು. ಅವರ ದೇವಾಲಯಗಳೂ ಅನಾಥಾಲಯಗಳೂ ಬೂದಿಯಾದವು.

ಅಪರಿಚಿತನನ್ನು ಮನೆಯೊಳಗೆ ಬರಮಾಡಿಕೊಂಡ ಆ ರೈತರಿಗೆ ಯಾವ ತರಬೇತಿಯೂ ಇರಲಿಲ್ಲ, ಸಮವಸ್ತ್ರವೂ ಇರಲಿಲ್ಲ. ಅವರ ಹೆಸರುಗಳನ್ನು ಕೆತ್ತಿದ ಬೆಳ್ಳಿಯ ಬಟ್ಟಲುಗಳೂ ಇಲ್ಲ. ಸುಭಾಷಿತಗಳನ್ನು ಬಲ್ಲ ನಮಗೆ, ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ಕಂಡು ನಿಂತ ಸಮಾರಿಯದವನ ಸಾಮತಿ ಬಾಯಿಪಾಠ. ಆ ಸಾಮತಿಯಲ್ಲಿ ಸಮಾರಿಯದವನು ಹಣ ಕೊಟ್ಟು ಮುಂದೆ ಸಾಗುತ್ತಾನೆ. ಚೀನಾದ ಈ ಸಮಾರಿಯದವರು ತಮ್ಮ ಮನೆಮಠಗಳನ್ನೂ ಮಕ್ಕಳನ್ನೂ ಕಳೆದುಕೊಂಡರು.

ದ್ವೇಷ ಕರಗಿದ ಸೆರೆಮನೆ

ಎಂಬತ್ತು ಮಂದಿಯಲ್ಲಿ ಎಂಟು ಮಂದಿ ಜಪಾನಿಯರ ಕೈಗೆ ಸಿಕ್ಕಿಬಿದ್ದರು. ನೆಪಮಾತ್ರದ ವಿಚಾರಣೆ ನಡೆಯಿತು. 1942ರ ಅಕ್ಟೋಬರ್ 15ರಂದು ಶಾಂಘೈ ಬಳಿ ಹಾಲ್‌ಮಾರ್ಕ್, ಫ್ಯಾರೋ, ಸ್ಪಾಟ್ಜ್ ಎಂಬ ಮೂವರನ್ನು ಮೊಣಕಾಲೂರಿಸಿ, ಸಣ್ಣ ಮರದ ಶಿಲುಬೆಗಳಿಗೆ ಕಟ್ಟಿ ಗುಂಡಿಟ್ಟು ಕೊಂದರು. ಅವರು ಮನೆಯವರಿಗೆ ಬರೆದ ಕೊನೆಯ ಪತ್ರಗಳನ್ನು ಕಳುಹಿಸಲಿಲ್ಲ. ಯುದ್ಧ ಮುಗಿದ ಮೇಲೆ ಅವು ಕಡತಗಳಲ್ಲಿ ದೊರೆತವು. ಉಳಿದ ಐವರಿಗೆ ಜೀವಾವಧಿ ಸೆರೆವಾಸ. ಅವರಲ್ಲಿ ರಾಬರ್ಟ್ ಮೀಡರ್ 1943ರ ಡಿಸೆಂಬರ್‌ನಲ್ಲಿ ಹಸಿವು ಮತ್ತು ರೋಗದಿಂದ ಸೆರೆಯಲ್ಲಿಯೇ ಕಣ್ಣುಮುಚ್ಚಿದರು.

ಉಳಿದ ನಾಲ್ವರಲ್ಲಿ ಒಬ್ಬರು ಜೇಕಬ್ ಡಿಶೇಜರ್. ಹದಿನಾರನೆಯ ವಿಮಾನದಿಂದ ನಗೋಯಾದ ಮೇಲೆ ಬಾಂಬು ಹಾಕಿದವರು. ಪರ್ಲ್ ಹಾರ್ಬರಿನ ಸುದ್ದಿ ಬಂದಾಗ ಅಡುಗೆಮನೆಯಲ್ಲಿ ಆಲೂಗೆಡ್ಡೆ ಸುಲಿಯುತ್ತಿದ್ದ ಅವರು ಕೈಯಲ್ಲಿದ್ದುದನ್ನು ಗೋಡೆಗೆ ಅಪ್ಪಳಿಸಿ, ಜಪಾನಿಯರು ಇದಕ್ಕೆ ಬೆಲೆ ತೆರಲೇಬೇಕೆಂದು ಕೂಗಿದ್ದರು. ಅಂಥ ಮನುಷ್ಯ 40 ತಿಂಗಳು ಸೆರೆಯಲ್ಲಿದ್ದರು. ಅದರಲ್ಲಿ 34 ತಿಂಗಳು ಏಕಾಂತವಾಸ. ಹೊಡೆತ, ಹಸಿವುಗಳ ನಡುವೆ ಅವರ ದ್ವೇಷ ಬೆಳೆಯುತ್ತಲೇ ಹೋಯಿತು. ಮೀಡರ್ ಸತ್ತ ಬಳಿಕ ಕೈದಿಗಳಿಗೆ ಓದಲು ಕೆಲವು ಪುಸ್ತಕಗಳು ದೊರೆತವು. ಅವುಗಳಲ್ಲಿ ಒಂದು ಬೈಬಲ್. 1944ರ ಮೇ ತಿಂಗಳಿನಲ್ಲಿ ಅದು ಡಿಶೇಜರ್ ಅವರ ಕೈಗೆ ಬಂದದ್ದು ಕೇವಲ ಮೂರು ವಾರಗಳ ಮಟ್ಟಿಗೆ. ಮಂದ ಬೆಳಕಿನಲ್ಲಿ ಓದಿದರು, ಕಂಠಪಾಠ ಮಾಡಿದರು. ತಮ್ಮನ್ನು ಹಿಂಸಿಸುವ ಕಾವಲುಗಾರನೂ ಪ್ರೀತಿಗೆ ಪಾತ್ರನೆಂಬುದನ್ನು ಒಪ್ಪಿಕೊಂಡರು. ಮರುದಿನದಿಂದ ಆ ಕಾವಲುಗಾರನಿಗೆ ಮರ್ಯಾದೆಯಿಂದ ವಂದನೆ ಹೇಳತೊಡಗಿದರು. ಕೆಲವು ದಿನಗಳ ಮೇಲೆ ಆ ಕಾವಲುಗಾರನ ನಡತೆಯೂ ಬದಲಾಯಿತು.

1945ರ ಆಗಸ್ಟ್‌ನಲ್ಲಿ ಬಿಡುಗಡೆ ಹೊಂದಿದ ಡಿಶೇಜರ್ ದೇವಶಾಸ್ತ್ರ ಕಲಿತು, 1948ರ ಡಿಸೆಂಬರ್‌ನಲ್ಲಿ ಅದೇ ಜಪಾನಿಗೆ ಧರ್ಮಪ್ರಚಾರಕರಾಗಿ ಮರಳಿದರು. ಅವರು ಫ್ರೀ ಮೆಥಡಿಸ್ಟ್ ಸಭೆಗೆ ಸೇರಿದವರು. ತಮ್ಮ ಸೆರೆವಾಸದ ಕುರಿತು ಅವರು ಬರೆದ ಕಿರುಹೊತ್ತಗೆಯೊಂದು ಟೋಕಿಯೋದ ಶಿಬುಯಾ ರೈಲು ನಿಲ್ದಾಣದಲ್ಲಿ ಒಬ್ಬ ಮಾಜಿ ಸೈನಿಕನ ಕೈಗೆ ಸಿಕ್ಕಿತು. ಅವರು ಮಿತ್ಸುವೊ ಫುಚಿಡಾ. ಪರ್ಲ್ ಹಾರ್ಬರಿನ ಮೇಲೆ ಎರಗಿದ ವಿಮಾನಗಳನ್ನು ಮುನ್ನಡೆಸಿದವರು! ಅದನ್ನು ಓದಿ, ಬೈಬಲನ್ನು ಕೊಂಡು, ಸಂತ ಲೂಕನ ಶುಭಸಂದೇಶದಲ್ಲಿ ಶಿಲುಬೆಯ ಮೇಲಿಂದ ಯೇಸುಸ್ವಾಮಿ ತಮ್ಮನ್ನು ಕೊಲ್ಲುತ್ತಿದ್ದವರಿಗಾಗಿ ಪ್ರಾರ್ಥಿಸಿದ ಭಾಗಕ್ಕೆ ಬಂದಾಗ ಫುಚಿಡಾ ಅವರ ಹೃದಯ ಕರಗಿತು. 1950ರಲ್ಲಿ ಅವರು ಕ್ರೈಸ್ತರಾದರು. ಅದೇ ವರ್ಷ ಈ ಇಬ್ಬರು ಪೂರ್ವಶತ್ರುಗಳು ಭೇಟಿಯಾದರು. 1959ರಲ್ಲಿ ಡಿಶೇಜರ್ ನಗೋಯಾದಲ್ಲಿ, ಅಂದರೆ ತಾವು ಬಾಂಬು ಹಾಕಿದ ಊರಿನಲ್ಲಿಯೇ, ಒಂದು ಸಭೆಯನ್ನು ಕಟ್ಟಿದರು. ಟೂಸಾನ್ ನಗರದವರು ಬಟ್ಟಲುಗಳನ್ನು ಕೊಟ್ಟದ್ದೂ ಅದೇ ವರ್ಷ. 2008ರಲ್ಲಿ ಡಿಶೇಜರ್ ಅವರ ಬಟ್ಟಲೂ ಮಗುಚಿತು.

ಪೂರ್ಣ ಚರಿತ್ರೆಯ ಭಾರ

ಡೂಲಿಟ್ಲ್ ಅವರ ಕಡೆಗೆ ಮರಳೋಣ. 1944ರಿಂದ ಅವರು ಇಂಗ್ಲೆಂಡಿನಲ್ಲಿದ್ದ ಅಮೆರಿಕದ ಎಂಟನೆಯ ವಾಯುಪಡೆಯ ಮುಖ್ಯಸ್ಥರಾಗಿದ್ದರು. 1945ರ ಫೆಬ್ರವರಿ 3ರಂದು ಬರ್ಲಿನ್ ನಗರದ ನಡುಭಾಗದ ಮೇಲೆ ಭಾರೀ ದಾಳಿ ನಡೆಸುವಂತೆ ಆಜ್ಞೆ ಬಂದಾಗ, ಅಲ್ಲಿ ಹೇಳಿಕೊಳ್ಳುವಂಥ ಸೈನಿಕ ಗುರಿಗಳಿಲ್ಲವೆಂದು ಅವರು ಮೇಲಧಿಕಾರಿಗೆ ಆಕ್ಷೇಪ ಸಲ್ಲಿಸಿದರು. ಆಕ್ಷೇಪ ನಿಲ್ಲಲಿಲ್ಲ, ಅವರ ವಿಮಾನಗಳೇ ಹೋದವು, ಸಾವಿರಾರು ನಾಗರಿಕರು ಸತ್ತರು. ಇಡೀ ನಗರಗಳನ್ನು ಅವುಗಳ ನಿವಾಸಿಗಳ ಸಮೇತ ವಿವೇಚನೆಯಿಲ್ಲದೆ ನಾಶಮಾಡುವುದು ದೇವರಿಗೂ ಮಾನವನಿಗೂ ವಿರುದ್ಧವಾದ ಅಪರಾಧವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಘೋಷಿಸಿತು. ಡೂಲಿಟ್ಲ್ ಅವರ ಆಕ್ಷೇಪವನ್ನು ಮೆಚ್ಚಬೇಕೋ, ಆಕ್ಷೇಪದ ಬಳಿಕ ಅವರು ತೋರಿದ ವಿಧೇಯತೆಯನ್ನು ಪ್ರಶ್ನಿಸಬೇಕೋ? ಎರಡನ್ನೂ ಮಾಡಬೇಕೆಂದು ನನ್ನ ಅಭಿಪ್ರಾಯ. ಅವರನ್ನು ಆದರ್ಶವೆಂದು ಆರಿಸಿಕೊಂಡ ಯುವಕರಿಗೆ ಈ ಪ್ರಶ್ನೆ ಪುಸ್ತಕದ ಪ್ರಶ್ನೆಯಾಗಿ ಉಳಿಯಲಿಲ್ಲ. ಅವರು ಪದವಿ ಪಡೆದ ಮರುವರ್ಷವೇ, 2001ರ ಸೆಪ್ಟೆಂಬರ್ 11ರ ಬಳಿಕ, ಅವರ ದೇಶ ಮತ್ತೆ ಯುದ್ಧಕ್ಕಿಳಿಯಿತು. ಮತ್ತೆ ಆಕಾಶದಿಂದ ಬಾಂಬುಗಳು ಬಿದ್ದವು. ಮತ್ತೆ ಕೆಳಗೆ ಹಳ್ಳಿಗಳಿದ್ದವು.

ಒಬ್ಬರನ್ನು ಆದರ್ಶವಾಗಿ ಸ್ವೀಕರಿಸುವುದೆಂದರೆ ಅವರ ಪಟಕ್ಕೆ ಹಾರ ಹಾಕುವುದಲ್ಲ. ಅದು ಒಂದು ಉತ್ತರಾಧಿಕಾರ. ಮನೆಯ ಹಿರಿಯರ ಆಸ್ತಿಯನ್ನು ಪಡೆಯುವ ಮಗನು ಅವರ ಸಾಲವನ್ನೂ ಪಡೆಯುತ್ತಾನಲ್ಲವೇ? ಡೂಲಿಟ್ಲ್ ಅವರಿಂದ ಕಲಿಯಬೇಕಾದ್ದು ಬಹಳವಿದೆ: ಅಧ್ಯಯನದಿಂದ ಹುಟ್ಟಿದ ಧೈರ್ಯ, ಅಪಾಯದಲ್ಲಿ ಮೊದಲಿಗರಾಗುವುದು, ಗೆಳೆಯರಿಗೆ ಕೊಟ್ಟ ಮಾತು. ಆದರೆ ಆ ಆಸ್ತಿಯೊಡನೆ ಟೋಕಿಯೋದ ಬಾಲಕನ ಸಾಲವಿದೆ, ಜಿಯಾಂಗ್‌ಷಿಯ ರೈತರ ಸಾಲವಿದೆ, ಬರ್ಲಿನ್ನಿನ ತಾಯಂದಿರ ಸಾಲವಿದೆ. ಸಾಲವನ್ನು ಮರೆತು ಆಸ್ತಿಯನ್ನು ಮಾತ್ರ ಅನುಭವಿಸುವವರು ಆದರ್ಶವನ್ನಲ್ಲ, ವಿಗ್ರಹವನ್ನು ಪೂಜಿಸುತ್ತಾರೆ.

ನಮ್ಮ ಧರ್ಮಸಭೆ ಸಂತರ ವಿಷಯದಲ್ಲಿ ನಮಗೆ ಇದನ್ನೇ ಕಲಿಸುತ್ತಾ ಬಂದಿದೆ. ಸಂತ ಪೇತ್ರನ ಹಬ್ಬವನ್ನು ಆಚರಿಸುವ ನಾವು, ಆತನು ಮೂರು ಬಾರಿ ಯೇಸುಸ್ವಾಮಿಯನ್ನು ಅರಿಯೆನೆಂದು ಹೇಳಿದ್ದನ್ನು ಪ್ರತಿವರ್ಷ ಪವಿತ್ರ ವಾರದಲ್ಲಿ ಗಟ್ಟಿಯಾಗಿ ಓದುತ್ತೇವೆ. ಸಂತ ಪೌಲನು ಸ್ತೇಫನನ ಕೊಲೆಗೆ ಸಮ್ಮತಿಸಿ ನಿಂತಿದ್ದನ್ನು ಮುಚ್ಚಿಡುವುದಿಲ್ಲ. ಮುಚ್ಚಿಡದ ಕಾರಣದಿಂದಲೇ ಅವರು ನಮಗೆ ಮಾದರಿಗಳಾಗುತ್ತಾರೆ.

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಗೋಡೆಗೆ ಯಾರದೋ ಚಿತ್ರವನ್ನು ಅಂಟಿಸಿದಾಗ, ಆಟಗಾರನಿರಲಿ, ಸೇನಾನಿಯಿರಲಿ, ಸಂತರಿರಲಿ, ಅದನ್ನು ಕಿತ್ತುಹಾಕಬೇಡಿ. ಪಕ್ಕದಲ್ಲಿ ಕುಳಿತು ಆ ವ್ಯಕ್ತಿಯ ಕಥೆಯನ್ನು ಪೂರ್ತಿಯಾಗಿ ಓದಿಸಿ. ಇವರು ಗೆದ್ದಾಗ ಯಾರು ಸೋತರು, ಇವರು ಬಿದ್ದಾಗ ಯಾರು ಎತ್ತಿದರು, ಎತ್ತಿದವರಿಗೆ ಏನಾಯಿತು ಎಂದು ಕೇಳಲು ಕಲಿಸಿ. ಡೇಟನ್ನಿನ ಆ ಗಾಜಿನ ಕಪಾಟಿನಲ್ಲಿ ಎಂಬತ್ತು ಬಟ್ಟಲುಗಳು ಇಂದು ಮಗುಚಿ ನಿಂತಿವೆ. ಅವುಗಳ ಮೇಲಿನ ಹೆಸರುಗಳನ್ನು ಓದುವವರು, ಯಾವ ಬಟ್ಟಲಿನ ಮೇಲೂ ಇಲ್ಲದ ಹೆಸರುಗಳಿಗಾಗಿಯೂ ಒಂದು ಕ್ಷಣ ತಲೆಬಾಗುವರೆಂದು ಹಾರೈಸೋಣ. ನವೆಂಬರ್ ತಿಂಗಳಿನಲ್ಲಿ ಅಗಲಿದ ಸಮಸ್ತರಿಗಾಗಿ ಪ್ರಾರ್ಥಿಸುವಾಗ ಚೀನಾದ ಆ ಅನಾಮಿಕ ಹಳ್ಳಿಗರನ್ನು ನಾವೂ ಸ್ಮರಿಸೋಣ.